ಕಾಶೀಬಾಯಿ ಬಾಗಿಲು ಬಡಿದಳು
ಬಾಗಲಕೋಟೆ, ಫೆಬ್ರವರಿ ೩೦, ೨೧೬೩

ನೂರೈವತ್ತು ವರ್ಷಗಳ ಹಿಂದಿನ ಹಿರಿಯರೇ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಗಾಳಿಗಂಟೆ ಎಂದರೆ ಗಾಳಿ ಕೆಟ್ಟಾಗ ತಾನಾಗಿ ಬಡಿದುಕೊಳ್ಳುವ ಗಂಟೆ. ಪ್ರತಿ ಮನೆಯಲ್ಲೂ ಇರುತ್ತದೆ. ನೆಲಮನೆ ಎಂದರೆ ಬಾಂಬಿಗೆ ಹೆದರಿ ಅಡಗುವ ನೆಲದಡಿಯ ಕೋಣೆ. ಈ ವಾರ ನಮ್ಮ ಗಂಟೆ ಮೂರು ಸಲ ಬಡಿಯಿತು. ಸುಳ್ಳು ಗಂಟೆ ಎಂದರು. ನನಗೆ ಅನ್ನ ಇಳಿಯುತ್ತಿಲ್ಲ.

ಹೋದ ಭಾನುವಾರ, ನಾನು ಚಿಕ್ಕವಳಿದ್ದಾಗಿನ ಯುದ್ಧದಲ್ಲಿ ವಿಷಗಾಳಿಯಿಂದ ಬದುಕುಳಿದ ನಮ್ಮ ಕುಟುಂಬದ ಕುರಿತು ತೆಗೆದ ಸಿನಿಮಾ ತೋರಿಸಿದರು. ಎಂಬತ್ತು ದಾಟಿದ ನನ್ನ ಅವ್ವ ನಿಂಬೆವ್ವನಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು.

ಆ ಯುದ್ಧದ ಎರಡನೇ ವರ್ಷ, ಆಗ ನನಗೆ ಒಂಬತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಸೈರನ್ ಕೂಗಿತು. ಕಟ್ಟಡದವರೆಲ್ಲ ನೆಲಮನೆಗೆ ಓಡಿದರು. ನಾವೂ ಮೆಟ್ಟಿಲು ಇಳಿಯುತ್ತಿದ್ದೆವು. ನೀರು ಶುದ್ಧಮಾಡುವ ಘಟಕದಲ್ಲಿ ದುಡಿಯುತ್ತಿದ್ದ ಅವ್ವ ಥಟ್ಟನೆ ನಿಂತಳು. ಬ್ಲೀಚಿಂಗ್ ಪೌಡರಿನ ಘಾಟು.

"ಇದು ಕ್ಲೋರಿನ್! ಕೆಳಗ ಹೋಗಬ್ಯಾಡ್ರಿ, ಅದು ತಗ್ಗಿಗೇ ಇಳೀತೈತಿ! ಮ್ಯಾಲ ಏರ್ರಿ!" ಎಂದು ಕೂಗಿದಳು. ಸೈರನ್ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಪ್ಪ ನನ್ನನ್ನೂ ತಂಗಿಯನ್ನೂ ಎತ್ತಿಕೊಂಡು ನಾಲ್ಕನೇ ಮಹಡಿಗೆ ಓಡಿದ. ಅಲ್ಲಿನ ಖಾಲಿ ಕೋಣೆಯಲ್ಲಿ ಅವ್ವ ತನ್ನ ಸೀರೆ ನೆನೆಸಿ ಬಾಗಿಲ ಸಂದಿಗೆ ತುರುಕಿದಳು. ಒದ್ದೆ ಬಟ್ಟೆ ನಮ್ಮ ಮೂಗಿಗೆ ಒತ್ತಿದಳು. ಕಿಟಕಿಯಾಚೆ ಬೀದಿಯಲ್ಲಿ ಹಳದಿ ಮಿಶ್ರಿತ ಹಸಿರು ಹೊಗೆ ನಾಯಿಗಳ ಬೆನ್ನೆತ್ತರಕ್ಕೆ ಹರಡುತ್ತಿತ್ತು. ಅದರಡಿ ಬಿದ್ದ ನಾಯಿಗಳು ಕಾಣುತ್ತಿರಲಿಲ್ಲ.

ಆಗ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಕಾಶೀಬಾಯಿ. ನನಗೆ ಮಗ್ಗಿ ಕಲಿಸಿದವಳು. ನೆಲಮನೆಯಿಂದ ಹೇಗೋ ಹತ್ತಿ ಬಂದಿದ್ದಳು.

"ನಿಂಬಿ... ಬಾಗಲಾ ತಗಿಯವ್ವಾ... ಉಸುರು ಬರವಲ್ದು..."

ಅಪ್ಪನ ಕೈ ಚಿಲಕಕ್ಕೆ ಹೋಯಿತು. ಅವ್ವ ಆ ಕೈಯನ್ನು ಎರಡೂ ಕೈಯಿಂದ ಹಿಡಿದಳು. "ಹುಡುಗ್ರು ಅದಾವ" ಎಂದಳು, ಅಷ್ಟೇ. ಆಚೆ ಕೆಮ್ಮು. ಉಗುರಿನಿಂದ ಕೆರೆದ ಸದ್ದು. ಆಮೇಲೆ ಅದೂ ಇಲ್ಲ. ನಾವು ನಾಲ್ವರೂ ಬದುಕಿದೆವು.

ಸಿನಿಮಾದಲ್ಲಿ ಅವ್ವ ಬಾಗಿಲು ತೆಗೆಯುತ್ತಾಳೆ. ಕಾಶೀಬಾಯಿ ಒಳಗೆ ಬಂದು ಬದುಕುತ್ತಾಳೆ. ಜನ ಎದ್ದು ಚಪ್ಪಾಳೆ ತಟ್ಟಿದರು. ಅವ್ವ ನನ್ನ ಮುಂಗೈ ಹಿಸುಕಿ, "ನಾ ತಗೀಲಿಲ್ಲಂತ ಹೇಳ ಅವ್ರಿಗೆ" ಎಂದಳು. ಹೇಳಲು ಎದ್ದೆ. ನಮ್ಮ ಪಕ್ಕದ ಕುರ್ಚಿಯಲ್ಲೇ ಕಾಶೀಬಾಯಿಯ ಮಗಳು ರುಕ್ಮಾ ಕೂತಿದ್ದಳು. ಆ ದಿನ ಅಜ್ಜಿಯ ಊರಲ್ಲಿದ್ದು ಉಳಿದವಳು. ಪರದೆಯ ಮೇಲೆ ಬದುಕಿದ ತಾಯಿಯನ್ನು ನೋಡುತ್ತ, ಬಾಯಿಗೆ ಸೆರಗು ಒತ್ತಿ ನಗುತ್ತ ಅಳುತ್ತಿದ್ದಳು. ನಾನು ಕೂತುಬಿಟ್ಟೆ. ಅವ್ವ ಮನೆ ಸೇರುವವರೆಗೂ ನನ್ನ ಮುಖ ನೋಡಲಿಲ್ಲ.

ರುಕ್ಮಾಗೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ನನಗೀಗ ಇಬ್ಬರು ಮಕ್ಕಳು. ಮತ್ತೆ ಹೊಗೆ ಬಂದು ಯಾರಾದರೂ ಬಡಿದರೆ ನಾನೇನು ಮಾಡುತ್ತೇನೋ ಗೊತ್ತಿಲ್ಲ. ಆ ಹೆದರಿಕೆಗೆ ಔಷಧವಿಲ್ಲ.

ಒಂದೇ ಬೇಡಿಕೆ. ಆ ವಿಷವನ್ನು ನಮ್ಮೂರಿನ ಮೇಲೆ ಸುರಿದವರ ಅಜ್ಜ ಅಜ್ಜಿಯರು ಈಗ ನಿಮ್ಮ ನಡುವೆ ಶಾಲೆಗೆ ಹೋಗುತ್ತಿರಬಹುದು. ಅವರಿಗೆ ಕಾಶೀಬಾಯಿಯ ಹೆಸರು ಹೇಳಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಹೇಮಾಕ್ಷಿ