ಕೊಕ್ಕೆಗೆ ಹಾಕದ ಟೋಪಿ

ಜನವರಿ 21, ಮಂಗಳವಾರ.

ಬೆರಳ ತುದಿಗಳು ಇನ್ನೂ ಜುಮ್ಮೆನ್ನುತ್ತಿವೆ.

ಕೋಲ್ಡ್ ಸ್ಟೋರೇಜಿನೊಳಗೆ ಹೋಗುವವರು, ಒಳಗೆ ಯಾರೋ ಇದ್ದಾರೆಂದು ಹೊರಗಿನವರಿಗೆ ತಿಳಿಯುವಂತೆ, ಹೊರಗಿನ ಕೊಕ್ಕೆಗೆ ಟೋಪಿ ನೇತುಹಾಕಿ ಹೋಗಬೇಕೆಂಬ ನಿಯಮ ಮಾಡಿದವನೇ ನಾನು. ಇಂದು, ಒಂದು ಪೆಟ್ಟಿಗೆ ತರುವುದು ತಾನೇ ಎಂದು ಟೋಪಿ ನೇತುಹಾಕದೆ, ಕೈಗವಸೂ ಇಲ್ಲದೆ ಒಳಹೊಕ್ಕೆ. ಬಾಗಿಲು ಮುಚ್ಚಿಕೊಂಡಿತು. ಪೆಟ್ಟಿಗೆ ಹುಡುಕುವಷ್ಟರಲ್ಲಿ ಬೆರಳು ಮರಗಟ್ಟಿ ಚಿಲಕ ತಿರುಗಿಸಲಾಗಲಿಲ್ಲ. ನಾನು ಹೊರಗೆ ಬಿಟ್ಟುಹೋಗಿದ್ದ ಟೀ ಆರಿಹೋದದ್ದನ್ನು ಕಂಡು ಕಾವಲುಗಾರ ಬಂದು ಬಾಗಿಲು ತೆಗೆದ.

"ಬಿಸಿ ಟೀ ಬಿಟ್ಟು ಹೋಗೋ ಆಸಾಮಿ ಅಲ್ವಲ್ಲ ನೀವು!"

ಸಂಜೆ ಮಗಳು ಪಾಠದ ಕಥೆ ಓದಿ ಹೇಳಿದಳು. ಹಿಮದಲ್ಲಿ ಒಬ್ಬನೇ ಹೊರಟು ಹೆಪ್ಪುಗಟ್ಟಿ ಸತ್ತವನ ಕಥೆ.

"ಎಂಥಾ ಪೆದ್ದ ಅಲ್ವಾಪ್ಪಾ? ನೀನಾಗಿದ್ರೆ ಒಬ್ನೇ ಹೋಗ್ತಿರ್ಲಿಲ್ಲ."

ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡು, "ಮುಂದೆ ಓದು" ಎಂದೆ.

"ಅಷ್ಟೇ ಅಪ್ಪಾ, ಅವ್ನು ಸತ್ತೋದ್ನಲ್ಲ."