ತಮ್ಮ ಆರಿಸಿದ ಕನ್ವರ್ಟರ್

ಅಪ್ಪ,

ಸಿ.ಡಿ.ಯಲ್ಲಿರುವ ಅಂಕಿಗಳನ್ನು ಹಾಡಾಗಿಸುವ ನಿನ್ನ ಹಳೇ ಕನ್ವರ್ಟರನ್ನು ತಮ್ಮ ಇವತ್ತು ಗುಜರಿಗೆ ಹಾಕಲು ಹೊರಟಿದ್ದ. ಅಂಗೈಯಗಲದ ಹೊಸದೊಂದನ್ನು ತಂದಿದ್ದಾನೆ. ನಾನು ಎರಡನ್ನೂ ಬಟ್ಟೆಯ ಹಿಂದಿಟ್ಟು, ದನಿಯನ್ನು ಒಂದೇ ಮಟ್ಟಕ್ಕೆ ತಂದು, ಒಂದೇ ಹಾಡನ್ನು ಎರಡರಲ್ಲೂ ಕೇಳಿಸಿದೆ.

"ಎರಡನೇದೇ ಹೊಸದು, ಅಕ್ಕ. ಹಾಡೋಳು ಉಸಿರು ತಗೊಳ್ಳೋದೂ ಕೇಳುತ್ತೆ. ಕಿವಿ ಅಂದ್ರೆ ಇದು!" ಎಂದು ಬೀಗಿದ.

ಬಟ್ಟೆ ಸರಿಸಿದೆ. ಎರಡನೆಯದು ನಿನ್ನದು.

"ಹೋದ ಮೇಲೂ ಅಪ್ಪ ನನ್ನ ಗೆಲ್ಲೋಕೆ ಬಿಡಲ್ಲ ನೋಡು" ಎಂದು ನಕ್ಕ. ಹೊಸದೂ ಚೆನ್ನಾಗಿಯೇ ಹಾಡುತ್ತದೆ, ಅಪ್ಪ. ಆದರೆ ಇಪ್ಪತ್ತೈದು ವರ್ಷದ ನಿನ್ನದು ಅದರೆದುರು ಒಂದಿಷ್ಟೂ ಸೊರಗಲಿಲ್ಲ.

ಆಮೇಲೆ ಅವನು ಕುರ್ಚಿ ಎಳೆದುಕೊಂಡು, "ಅಪ್ಪ ಏನೇನು ಕೇಳ್ತಿದ್ದ, ಹಾಕಕ್ಕ" ಎಂದ. ಕತ್ತಲಾಗುವವರೆಗೂ ಕೇಳಿದೆವು. "ಬನ್ರೋ ಇಬ್ರೂ, ಇದೊಂದು ಕೇಳಿ" ಎಂದು ನೀನು ಕರೆಯುತ್ತಿದ್ದುದು ಇದಕ್ಕೇ ಇರಬೇಕು.