ಕರೆಂಟ್ ಹೋದಾಗ ನಡೆಯುವ ಅಂಗಡಿ

ಇಳಕಲ್ಲು
೧೮ ನವೆಂಬರ್ ೨೦೦೧, ರವಿವಾರ

ನಮ್ಮ ಮನೆಯವರಿಗೆ,

ಮಹಾನಂದಾಳ ನಮಸ್ಕಾರಗಳು. ನಾನೂ ಅತ್ತೆಯೂ ಇಲ್ಲಿ ಕ್ಷೇಮ. ಇಚಲಕರಂಜಿಯ ನೀರು ನಿಮಗೆ ಒಗ್ಗಿದೆ ಎಂದು ತಿಳಿದುಕೊಂಡಿದ್ದೇನೆ. ತಿಳಿದುಕೊಳ್ಳದೆ ಬೇರೆ ದಾರಿಯಿಲ್ಲ. ತಿಂಗಳಿಗೊಮ್ಮೆ ಬರುವ ಮನಿಆರ್ಡರಿನ ಕೆಳಗೆ ನಾಲ್ಕು ಮಾತು ಬರೆಯಲು ಸರ್ಕಾರವೇ ಜಾಗ ಬಿಟ್ಟುಕೊಟ್ಟಿದೆ. ನೀವು ಅದನ್ನು ಖಾಲಿ ಕಳಿಸುತ್ತೀರಿ. ಪೋಸ್ಟಮನ್ ಕೂಡ ಅದನ್ನು ತಿರುಗಿಸಿ ನೋಡಿ, ಏನೂ ಬರೆದಿಲ್ಲವೆಂದು ನನಗೆ ವರದಿ ಒಪ್ಪಿಸಿ ಹೋಗುತ್ತಾನೆ.

ನಾನೂ ಬರೆಯುವುದಕ್ಕೆ ತಡಮಾಡಿದೆ, ಕ್ಷಮೆಯಿರಲಿ. ದೀಪಾವಳಿಗೆ ಮೊದಲೇ ಬರೆಯಬೇಕೆಂದಿದ್ದೆ. ಸಾಲಿ ಹುಡುಗರಿಗೆ ರಜೆ ಸಿಕ್ಕಿದ್ದೇ ತಡ, ಮನೆಯ ಮುಂದಿನ ಕೋಣೆಯ ನಮ್ಮ ವಿಡಿಯೋ ಗೇಮ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಪಾಡ್ಯದ ದಿನ ಟಿವಿಗಳಿಗೆಲ್ಲ ಕುಂಕುಮ ಹಚ್ಚಿ ಪೂಜೆ ಮುಗಿಸಿ, ಈಗ ಪುರುಸೊತ್ತು ಮಾಡಿಕೊಂಡು ಕೂತಿದ್ದೇನೆ.

ಈ ಪತ್ರ ಯಾಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಹೋದ ವರ್ಷ ಹಬ್ಬ ಮುಗಿದ ಮೇಲೆ ಟ್ರಂಕು ಎತ್ತಿಕೊಂಡು ಹೊರಟಾಗ ನೀವು, "ಇದು ಹುಡುಗಾಟದ ಧಂದೆ, ಒಂದ ವರ್ಷ ನಡದ್ರ ಭಾಳ ಆತು" ಎಂದಿದ್ದಿರಿ. ವರ್ಷ ನಡೆದಿದೆ. ಆ ವರ್ಷದ ವರದಿ ಇದು. ಓದಿ ನೋಡಿ, ಊರಿಗೆ ಮರಳಿ ಬನ್ನಿ. ಹುನಗುಂದದಲ್ಲಿ ಇನ್ನೊಂದು ಅಂಗಡಿ ತೆಗೆಯುತ್ತಿದ್ದೇನೆ. ಅದನ್ನು ನಡೆಸಲು ನನಗೆ ಆಳು ಬೇಡ, ನೀವು ಬೇಕು.

ಮೊದಲು ದೊಡ್ಡ ಜಗತ್ತಿನ ಸುದ್ದಿ. ಇದನ್ನೆಲ್ಲ ನನಗೆ ಹೇಳುವವರು ನಮಗೆ ಆಟದ ಸೆಟ್ಟು, ಕ್ಯಾಸೆಟ್ಟು ಕೊಡುವ ಹುಬ್ಬಳ್ಳಿಯ ತಿಮ್ಮಣ್ಣನವರು. ಅವರು ಇಂಗ್ಲಿಷ್ ಪತ್ರಿಕೆ ತರಿಸುತ್ತಾರೆ, ಅರ್ಧ ಓದುತ್ತಾರೆ, ಉಳಿದರ್ಧ ಊಹಿಸುತ್ತಾರೆ. ಈ ವರ್ಷದ ಆರಂಭದಲ್ಲೇ ಜಪಾನಿನ ದೊಡ್ಡ ಕಂಪನಿಯೊಂದು ತಾನು ಇನ್ನು ಆಟದ ಡಬ್ಬಿ ಮಾಡುವುದಿಲ್ಲ, ಬೇರೆಯವರ ಡಬ್ಬಿಗೆ ಆಟ ಮಾತ್ರ ಮಾಡಿಕೊಡುತ್ತೇನೆ ಎಂದು ಕೈ ತೊಳೆದುಕೊಂಡಿತಂತೆ. ತಿಮ್ಮಣ್ಣನವರು ಇದನ್ನು ಹೇಳುವಾಗ ಮನೆಯಲ್ಲಿ ಸಾವಾದವರ ಹಾಗೆ ಮುಖ ಮಾಡಿಕೊಂಡಿದ್ದರು. ನನಗೇನೂ ವಿಚಿತ್ರ ಅನಿಸಲಿಲ್ಲ. ಸ್ವಂತ ಮಗ್ಗ ನಿಲ್ಲಿಸಿ ಇನ್ನೊಬ್ಬರ ಮಗ್ಗದ ಕೆಲಸಕ್ಕೆ ಹೋದವರು ನಮ್ಮ ಓಣಿಯಲ್ಲೂ ಇದ್ದಾರೆ. ಇದು ನಿಮಗೆ ಚುಚ್ಚಲೆಂದೇ ಬರೆದದ್ದು.

ಅದೇ ಜಪಾನಿನ ಇನ್ನೊಂದು ಕಂಪನಿಯ ಕರಿ ಸೆಟ್ಟು ಈ ವರ್ಷ ಜಗತ್ತನ್ನೇ ಆಳುತ್ತಿದೆ. ಅದರಲ್ಲಿ ಸಿನೆಮಾದ ತಟ್ಟೆಯನ್ನೂ ಹಾಕಬಹುದಂತೆ. ಇದೇ ವಾರ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದು ಪೈಪೋಟಿಗೆ ಇನ್ನೊಂದು ಕರಿ ಡಬ್ಬಿ ತರುತ್ತಿದೆ. ಅದು ನಮ್ಮ ಅಕ್ಕಿ ಡಬ್ಬಿಯಷ್ಟು ಭಾರವಿದೆಯೆಂದು ತಿಮ್ಮಣ್ಣನವರ ಅಂದಾಜು. ಸೆಪ್ಟೆಂಬರಿನಲ್ಲಿ ಅಲ್ಲಿ ವಿಮಾನಗಳ ಅನಾಹುತ ಆಯಿತಲ್ಲ, ಆಮೇಲೆ ಆಟ ಮಾಡುವವರು ತಮ್ಮ ಆಟಗಳಿಂದ ಆ ಎತ್ತರದ ಕಟ್ಟಡಗಳನ್ನು ಅಳಿಸಿ ಹಾಕುತ್ತಿದ್ದಾರಂತೆ. ನಮ್ಮಲ್ಲೂ ವಿಮಾನ ಹೊಡೆಯುವ ಆಟವನ್ನು ಹುಡುಗರು ಕೆಲವು ದಿನ ಯಾರೂ ಕೇಳಲಿಲ್ಲ. ನಾನು ಬೇಡ ಎಂದಿರಲಿಲ್ಲ, ಅವರಾಗಿಯೇ ಬಿಟ್ಟಿದ್ದರು.

ಈ ಹೊಸ ಸೆಟ್ಟುಗಳು ಇಳಕಲ್ಲಿಗೆ ಬರುವ ಹೊತ್ತಿಗೆ ಹಳೆಯವಾಗಿರುತ್ತವೆ, ಅದು ನಮಗೆ ಒಳ್ಳೆಯದೇ. ನಮ್ಮ ಗಿರಾಕಿಗೆ ಇನ್ನೂ ಕ್ಯಾಸೆಟ್ಟಿನ ಆಟ ಬೇಸರವಾಗಿಲ್ಲ. ಕ್ಯಾಸೆಟ್ಟಿನ ಮೇಲೆ ಒಂದು ಲಕ್ಷ ಆಟ ಎಂದು ಬರೆದಿರುತ್ತದೆ, ಒಳಗೆ ಇರುವುದು ಹತ್ತಿಪ್ಪತ್ತು. ಅವನ್ನೇ ಅಂಗಿಯ ಬಣ್ಣ ಬದಲಿಸಿ ಮತ್ತೆ ಮತ್ತೆ ತೋರಿಸುತ್ತಾರೆ. ನಮ್ಮೂರಿನ ವ್ಯಾಪಾರಿಗಳಿಗೆ ಅವರು ಏನನ್ನೂ ಹೊಸದಾಗಿ ಕಲಿಸಬೇಕಾಗಿಲ್ಲ.

ಬಾಗಲಕೋಟೆಯಲ್ಲಿ ಈ ವರ್ಷ ಸೆಟ್ಟುಗಳು ಭರ್ಜರಿ ಹೋದವು. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಓಣಿಗಳಿಂದ ನವನಗರಕ್ಕೆ ಬಂದವರು ಹೊಸ ಮನೆಗೆ ಹೊಸ ಕಲರ್ ಟಿವಿ ಕೊಳ್ಳುತ್ತಾರೆ, ಟಿವಿಯ ಜೊತೆಗೆ ಒಂದು ಆಟದ ಸೆಟ್ಟನ್ನೂ ಒಯ್ಯುತ್ತಾರೆ. ಯಾಕೆಂದು ಒಬ್ಬ ತಾಯಿಯನ್ನು ಕೇಳಿದೆ. ಅಗಲ ರಸ್ತೆಯಿದೆ, ನಳದಲ್ಲಿ ನೀರಿದೆ, ಆದರೆ ಹುಡುಗರಿಗೆ ಅಲ್ಲಿ ಇನ್ನೂ ಗೆಳೆಯರು ಸಿಕ್ಕಿಲ್ಲ ಎಂದಳು. ಮನೆಮನೆಗೆ ಸೆಟ್ಟು ಬಂದರೆ ಅಂಗಡಿ ಮುಚ್ಚುತ್ತದೆ ಎಂದು ನೀವು ಹೇಳುತ್ತಿದ್ದಿರಿ. ಹಾಗಾಗಿಲ್ಲ. ಮನೆಯಲ್ಲಿ ಸೆಟ್ಟು ಇರುವವರೇ ನಮ್ಮಲ್ಲಿಗೆ ಹೆಚ್ಚು ಬರುತ್ತಾರೆ. ಗೆದ್ದದ್ದನ್ನು ನೋಡಲು ನಾಲ್ಕು ಮಂದಿ ಬೇಕಲ್ಲ.

ಸೋತದ್ದನ್ನೂ ಹೇಳಬೇಕು. ಬೇಸಿಗೆಯಲ್ಲಿ ಪ್ರವಾಸಿಗರ ಮಕ್ಕಳನ್ನು ನಂಬಿ ಬಾದಾಮಿಯ ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಸೆಟ್ಟು ಇಟ್ಟಿದ್ದೆ. ಎಲ್ಲವನ್ನೂ ಲೆಕ್ಕ ಹಾಕಿದ್ದ ನಾನು ಅಲ್ಲಿಯ ಮಂಗಗಳನ್ನು ಮರೆತಿದ್ದೆ. ಒಂದು ದೊಡ್ಡ ಮಂಗ ಕಿಟಕಿಯಿಂದ ಕೈಹಾಕಿ ರಿಮೋಟನ್ನು ವೈರುಸಮೇತ ಕಿತ್ತುಕೊಂಡು ತಗಡಿನ ಪತ್ರಾಸಿನ ಮೇಲೆ ಹೋಗಿ ಕೂತಿತು. ಗುಂಡಿ ಒತ್ತಿ ನೋಡಿತು, ಕಚ್ಚಿ ನೋಡಿತು, ಕೊನೆಗೆ ನನ್ನತ್ತ ಎಸೆಯಿತು. ಅವತ್ತೇ ಗಂಟುಮೂಟೆ ಕಟ್ಟಿದೆ. ಅತ್ತೆ ಈಗಲೂ ಅದನ್ನು ನೆನಸಿಕೊಂಡು ಒಬ್ಬರೇ ನಗುತ್ತಾರೆ.

ಇನ್ನು ನಮ್ಮ ಇಳಕಲ್ಲಿನ ಅಂಗಡಿ. ಈ ವರ್ಷವೂ ನಮ್ಮನ್ನು ಸಾಕಿದ್ದು ಲೋಡ್‌ಶೆಡ್ಡಿಂಗೇ. ಕರೆಂಟ್ ಹೋದ ಕೂಡಲೇ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚುತ್ತವೆ, ನೇಯುವವರೆಲ್ಲ ಕೈ ಝಾಡಿಸಿಕೊಂಡು ನಮ್ಮಲ್ಲಿಗೆ ಓಡಿ ಬರುತ್ತಾರೆ. ನಮ್ಮಲ್ಲಿ ಲಾರಿಯ ಬ್ಯಾಟರಿಯಿದೆ, ಟಿವಿ ನಡೆಯುತ್ತದೆ. ಊರೆಲ್ಲ ಕರೆಂಟಿನವರನ್ನು ಬೈಯುವಾಗ ನಾನೊಬ್ಬಳೇ ನಗುತ್ತೇನೆಂದು ನೀವು ಸಿಟ್ಟಾಗುತ್ತಿದ್ದಿರಿ. ನಗುತ್ತಿದ್ದದ್ದು ನಿಜ. ಬ್ಯಾಟರಿ ತರುವ ಬುದ್ಧಿ ಮೊದಲು ನನಗೆ ಹೊಳೆಯಿತಲ್ಲ ಎಂಬ ಖುಷಿ ಅದು, ನಿಮ್ಮ ಮಗ್ಗ ನಿಂತಿತೆಂಬ ಖುಷಿಯಲ್ಲ.

ನೀವು ಮನೆ ಬಿಟ್ಟದ್ದು ಯಾಕೆಂದು ನನಗೆ ಗೊತ್ತಿದೆ. ಆ ದಿನ ಕರೆಂಟ್ ಬಂದಿತ್ತು, ನಿಮ್ಮ ಮಗ್ಗದ ಬಸವಂತ ಇನ್ನೂ ನಮ್ಮಲ್ಲಿ ಆಡುತ್ತಿದ್ದ. ನೀವು ಬಾಗಿಲಿಗೆ ಬಂದು ಅವನನ್ನು ಕರೆದಿರಿ. "ಇದೊಂದು ಲೈಫ್ ಮುಗೀಲಿ ತಡೀರಿ ಮಾಲಕ್ರ" ಎಂದ ಅವನು. ಒಳಗಿನಿಂದ ಯಾರೋ, "ಯಾವ ಮಾಲಕ್ರಲೇ? ಮಾಲಕಿ ಇಲ್ಲೇ ಕುಂತಾಳ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆದರೆ ನೀವು ನನ್ನ ಮುಖವನ್ನು ನೋಡಲೇ ಇಲ್ಲ. ಅವನ ಆಟ ಮುಗಿಯುವ ತನಕ ನಿಮ್ಮ ಮನೆಯ ಬಾಗಿಲಲ್ಲಿ ನೀವೇ ಪರದೇಶಿಯಂತೆ ನಿಂತಿದ್ದಿರಿ. ಆಮೇಲೆ ಮಗ್ಗಗಳನ್ನು ಶಿವಸಂಗಪ್ಪ ಕಾಕಾನಿಗೆ ಬಾಡಿಗೆಗೆ ಕೊಟ್ಟು, ಪರಊರಿನ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡಲು ಹೋದಿರಿ.

ನೀವು ಹೋದ ಮೇಲೆ ಒಂದು ಕಾಯ್ದೆ ಮಾಡಿದೆ. ಕರೆಂಟ್ ಬಂದ ಗಳಿಗೆಯಲ್ಲೇ ನೇಕಾರರು ಕೂತ ಸೆಟ್ಟುಗಳೆಲ್ಲ ಬಂದ್. ಆಟ ಎಲ್ಲಿಗೇ ಬಂದಿರಲಿ, ಯಾರೇ ಇರಲಿ. ಉಳಿದದ್ದನ್ನು ಮುಂದಿನ ಸಲ ಕರೆಂಟ್ ಹೋದಾಗ ಆಡಲಿ. ಮೊದಲು ರೇಗಾಡಿದರು. ಬಸವಂತನಂತೂ ಎಂಟು ದಿನ ಈ ಕಡೆ ತಲೆಹಾಕಲಿಲ್ಲ, ಒಂಬತ್ತನೆಯ ದಿನ ಬಂದು ಎಲ್ಲರಿಗಿಂತ ಮುಂದೆ ಕೂತ. ಈಗ ಯಾವ ಮಗ್ಗದ ಮಾಲೀಕನೂ ನಮ್ಮ ಬಾಗಿಲಿಗೆ ಬಂದು ಯಾರನ್ನೂ ಕರೆಯಬೇಕಾಗಿಲ್ಲ. ಶಿವಸಂಗಪ್ಪ ಕಾಕಾ ಮೊನ್ನೆ ನಾಲ್ಕು ಮಂದಿಯೆದುರು ಈ ಕಾಯ್ದೆಯನ್ನು ಹೊಗಳಿದರು. ಅವರು ಹೊಗಳುವುದೆಂದರೆ ಏನೆಂದು ನಿಮಗೆ ಗೊತ್ತು.

ಅಮಾವಾಸ್ಯೆಯ ಸುದ್ದಿ ಹೇಳುವುದನ್ನು ಮರೆತಿದ್ದೆ. ಅವತ್ತು ಮಗ್ಗಗಳಿಗೆ ಬಿಡುವು, ಗಂಡಸರು ಊರು ತಿರುಗಲು ಹೋಗುತ್ತಾರೆ. ಹಾಗಾಗಿ ಶ್ರಾವಣದಿಂದ ಅಮಾವಾಸ್ಯೆಯ ಮಧ್ಯಾಹ್ನ ಅಂಗಡಿ ಹೆಂಗಸರಿಗೆ ಮಾತ್ರ. ಮೊದಲ ಸಲ ಬಂದವಳು ಪಕ್ಕದ ಮನೆಯ ಬೋರವ್ವ ಒಬ್ಬಳೇ, ಅದೂ ಸಕ್ಕರೆ ಕೇಳುವ ನೆಪದಲ್ಲಿ. ಮೋಟಾರ್‌ಸೈಕಲ್ ಓಡಿಸುವ ಆಟಕ್ಕೆ ಕೂತು, ಪರದೆಯ ಮೇಲೆ ಗಾಡಿ ತಿರುಗಿದ ಕಡೆಗೆಲ್ಲ ತಾನೂ ವಾಲಿ, ಕುರ್ಚಿಯಿಂದ ಕೆಳಗೆ ಬಿದ್ದಳು. ಈಗ ನೂಲಿನ ಕಂಡಿಕೆ ಸುತ್ತುವವರು, ಎಳೆ ಜೋಡಿಸುವವರು ಎಲ್ಲರೂ ಬರುತ್ತಾರೆ. ಮೇಲಿನಿಂದ ಇಟ್ಟಂಗಿ ಬೀಳುವ ಆಟದಲ್ಲಿ ಅವರನ್ನು ಮೀರಿಸುವ ಗಂಡಸು ಈ ಊರಲ್ಲಿಲ್ಲ. ನಮಗೆ ಮಕ್ಕಳಿಲ್ಲವೆಂದು ಮರುಗುತ್ತಿದ್ದ ಹೆಂಗಸರೇ ಈಗ ತಮ್ಮ ಮಕ್ಕಳನ್ನು ಮನೆಗೆ ಕಳಿಸೆಂದು ನನಗೆ ಹೇಳಿಕಳಿಸುತ್ತಾರೆ.

ಇನ್ನು ಹುನಗುಂದ. ಕೋರ್ಟಿನ ಎದುರು ಒಂದು ಕೋಣೆ ಹಿಡಿದಿದ್ದೇನೆ. ಅಲ್ಲಿಗೆ ಬರುವ ಮಂದಿಗೆ ಇಡೀ ದಿನ ಕಾಯುವುದೇ ಕೆಲಸ. ಬೆಳಿಗ್ಗೆ ಬಸ್ಸಿಗೆ ಬಂದು, ಹೆಸರು ಕರೆಯುವ ತನಕ ಬೇವಿನ ಮರದ ಕೆಳಗೆ ಕೂತು, ಕೊನೆಗೆ ಮುಂದಿನ ತಾರೀಕು ಇಸಿದುಕೊಂಡು ಹೋಗುತ್ತಾರೆ. ಅಂಥವರಿಗೆ ಅರ್ಧ ತಾಸು ನಗುವ ಜಾಗ ಬೇಡವೇ? ಟಿವಿ ತಂದಾಗಿದೆ, ಬ್ಯಾಟರಿ ತಂದಾಗಿದೆ. ನಿಮ್ಮ ಹೆಸರಿನಲ್ಲೇ ಬೋರ್ಡನ್ನೂ ಬರೆಸಿದ್ದೇನೆ: ಶಂಭು ವಿಡಿಯೋ ಗೇಮ್ಸ್. ಪೇಂಟರ್ ಕೆಳಗೆ ನನ್ನ ಹೆಸರನ್ನೂ ಸೇರಿಸಲೇ ಎಂದು ಕೇಳಿದ. ಬೇಡ, ಅದರ ಮಾಲೀಕರು ಒಬ್ಬರೇ ಎಂದೆ.

ಇದನ್ನು ಕರುಣೆ ಎಂದು ತಿಳಿಯಬೇಡಿ. ನನಗೆ ಕರುಣೆ ಬರುವುದು ಕಡಿಮೆ ಎಂದು ಮದುವೆಯಾದ ಹೊಸದರಲ್ಲೇ ನೀವು ಹೇಳಿದ್ದಿರಿ. ಎರಡು ಅಂಗಡಿ ನಾನೊಬ್ಬಳೇ ನಡೆಸಲಾರೆ. ಹೊರಗಿನವರನ್ನು ನಂಬಿ ಬಿಡಲಾರೆ. ಸುಟ್ಟ ಮೋಟಾರನ್ನು ವಾಸನೆಯ ಮೇಲೆ ಗುರುತು ಹಿಡಿಯುವ ನಿಮಗೆ ಈ ಸೆಟ್ಟು ರಿಪೇರಿ ಯಾವ ಲೆಕ್ಕ? ತಿಮ್ಮಣ್ಣನವರು ಮೂರು ತಿಂಗಳು ಇಟ್ಟುಕೊಂಡು ಹಾಗೆಯೇ ವಾಪಸು ಕೊಟ್ಟ ಸೆಟ್ಟುಗಳು ನಿಮ್ಮ ದಾರಿ ಕಾಯುತ್ತಾ ಅಟ್ಟದ ಮೇಲಿವೆ.

ಇನ್ನೂ ಒಂದು ಮಾತು, ಇದು ವ್ಯಾಪಾರದ್ದಲ್ಲ. ನೀವಿಲ್ಲದೆ ನನಗೆ ಬೇಸರವಾಗುತ್ತದೆ. ಅಂಗಡಿ ತುಂಬಿದಾಗ ಆಗುವುದಿಲ್ಲ, ಬಾಗಿಲು ಹಾಕಿ ಉಣ್ಣಲು ಕೂತಾಗ ಆಗುತ್ತದೆ. ಸಾರಿಗೆ ಉಪ್ಪು ಕಡಿಮೆಯೆಂದು ಜಗಳ ತೆಗೆಯುವವರು ಯಾರೂ ಇಲ್ಲ. ಅತ್ತೆ ಹೇಗಿದ್ದರೂ ಸುಮ್ಮನೆ ಉಣ್ಣುತ್ತಾರೆ.

ಕಾರ್ತಿಕ ಮುಗಿಯುವುದರೊಳಗೆ ಬನ್ನಿ. ಹುನಗುಂದದ ಬೀಗದ ಕೈ ದೇವರ ಜಗುಲಿಯ ಮೇಲಿದೆ, ಬೇರೆ ಯಾರ ಕೈಗೂ ಕೊಡುವುದಿಲ್ಲ. ಊಟ ತಪ್ಪಿಸಬೇಡಿ. ಮಿಲ್ಲಿನ ಧೂಳಿಗೆ ಬಾಯಿಗೆ ವಸ್ತ್ರ ಕಟ್ಟಿಕೊಳ್ಳಿ. ತುಳಸಿಗೇರಿಯ ಹನುಮಪ್ಪ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಅತ್ತೆಯ ಆಶೀರ್ವಾದ ಎಂದಿನಂತೆ ನಿಮ್ಮ ತಲೆಯ ಮೇಲಿದೆ.

ನಿಮ್ಮ
ಮಹಾನಂದಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಬರೆಯದೆ ಬಿಡಬೇಕೆಂದಿದ್ದೆ, ಆಗುತ್ತಿಲ್ಲ.

ದಸರೆಯಲ್ಲಿ ಬನ್ನಿ ಮುಡಿಯುವ ದಿನ ನೀವು ಇಳಕಲ್ಲಿಗೆ ಬಂದಿದ್ದಿರಿ. ನಮ್ಮ ಎದುರಿನ ಚಹಾದಂಗಡಿಯ ದಸ್ತಗೀರಸಾಬ ಒಂದು ವಾರ ತಡೆದು ನನಗೆ ಹೇಳಿದ. ನೀವು ಅವನಲ್ಲಿ ಚಹಾ ಕುಡಿದಿರಿ, ಅವನಿಗೆ ಬನ್ನಿ ಕೊಟ್ಟಿರಿ, ನಮ್ಮ ಅಂಗಡಿಯನ್ನು ಬಹಳ ಹೊತ್ತು ನೋಡಿದಿರಿ. ರಸ್ತೆ ದಾಟಿ ನಮ್ಮ ಮೆಟ್ಟಿಲಿನ ತನಕವೂ ಬಂದಿರಿ. ಬಾಗಿಲಲ್ಲಿ ಕೂತಿದ್ದ ಅತ್ತೆ ನಿಮ್ಮತ್ತ ನೋಡಿ, "ಒಳಗ ಬಾರಪಾ, ಸೆಟ್ ಖಾಲಿ ಅದಾವು" ಎಂದರು. ನೀವು ಹಾಗೆಯೇ ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಿರಿ.

ಅವರ ಕಣ್ಣು ಮಂಜಾಗಿರುವುದು ನಿಮಗೂ ಗೊತ್ತು. ಹೆತ್ತ ತಾಯಿಯೇ ಗಿರಾಕಿ ಎಂದುಕೊಂಡಳು ಎಂದು ನಿಮಗೆ ನೋವಾಗಿರಬೇಕು. ನಾನೂ ಹಾಗೆಯೇ ತಿಳಿದು ಈ ವಿಷಯವನ್ನು ಅವರಿಗೆ ಹೇಳಿರಲಿಲ್ಲ.

ಪಾಡ್ಯದ ದಿನ ಆರತಿಯ ಹೊತ್ತಿಗೆ ಅವರು ಇನ್ನೊಂದು ಮಣೆ ಹಾಕೆಂದರು. ಯಾರಿಗೆ ಎಂದು ಕೇಳಿದೆ. ಖಾಲಿ ಮಣೆಗೆ ಆರತಿ ಬೆಳಗಿ, ತಾಟು ಕೆಳಗಿಟ್ಟು, ಆಮೇಲೆ ಹೇಳಿದರು:

"ಬನ್ನಿ ದಿನ ಅಂವ ಬಂದಿದ್ದ. ನಡಿಗಿ ಮ್ಯಾಲೆ ಗುರ್ತ ಹಿಡದೆ. ಹೆಸರ ಹಿಡದ ಕರದ್ರ ಒಳಗಿದ್ದ ಮಂದಿ ಹೊಳ್ಳಿ ನೋಡ್ತಾರ, ಅವಗ ನಾಚಿಕಿ ಆಕೈತಿ ಅಂತ, ಗಿರಾಕಿ ಕರದಂಗ ಕರದೆ. ತಪ್ಪ ಆತೇನ ಮಾನಂದಾ?"

ಇಲ್ಲ ಎಂದೆ. ಅವರು ನಂಬಲಿಲ್ಲ. ದಿನಾ ಒಮ್ಮೆ ಅದನ್ನೇ ಕೇಳುತ್ತಾರೆ, ನಾನು ಎಷ್ಟು ಸಲ ಹೇಳಿದರೂ ಅವರಿಗೆ ಸಾಲುವುದಿಲ್ಲ. ಹುನಗುಂದದ ಅಂಗಡಿ ಬೇಡವಾದರೆ ಬಿಡಿ. ಈ ಮಾತಿಗೆ ಉತ್ತರ ಹೇಳಲಾದರೂ ಬನ್ನಿ.